ಪಾಡ್ಯಾಕ ಮೊದಲ ನಾ ನೋಡಿದ ಸಾಲಿ

ನಮ್ಮಪ್ಪಗ ಸಿಟ್ಟು ಬಂದ್ರ ಫೋನ್ ಇಡೂದಿಲ್ಲ, ನನಗ ಬಂದ್ರ ನಾನೇ ಮೊದಲ ಇಡ್ತೀನಿ. ಅದಕ್ಕ ಹೋಳಿ ಹುಣ್ಣಿವಿ ದಿನ ನಾವಿಬ್ಬರೂ ಮಾತಾಡಿದ್ದು ತುಕಡಿ ತುಕಡಿ ಆಗಿ. ಅವರು ಹಚ್ಚೂದು, ನಾ ಕಟ್ ಮಾಡೂದು, ಮತ್ತ ಅವರು ಹಚ್ಚೂದು. ನಡುವ ನಾ ಹೋಳಗಿ ಬೇಯಿಸೂದು. ಹೋಳಗಿ ಕರ್ರಗಾಗೂದು ನೋಡಿ ನಮ್ಮ ಅತ್ತಿಯವರು, "ಯವ್ವಾ ತಾಯಿ, ಜಗಳಾರ ಮಾಡು, ಇಲ್ಲಾ ಹೋಳಗ್ಯಾರ ಮಾಡು" ಅಂತ ನನ್ನ ಗ್ಯಾಸಿನ ಮುಂದಿಂದ ಸರಿಸಿದ್ರು.

ಜಗಳ ನನ್ನ ಮಗಳ ಸಾಲಿದು. ಒಬ್ಬಾಕೇ ಮಗಳು. ಮಳಿಗಾಲಕ್ಕ ಸಾಲಿ ಸುರು ಆದಾಗ ಆಕಿನ್ನ ಒಂದನೇತ್ತಾಕ ಹಾಕಬೇಕಿತ್ತು. ನನ್ನ ತವರಮನಿ ಸೊಲ್ಲಾಪುರ, ಅಪ್ಪಂದು ಅಲ್ಲಿ ಚಾದರ-ಟಾವೆಲ್ಲಿನ ಹೋಲ್‌ಸೇಲ್ ಅಂಗಡಿ. ನನ್ನ ಗಂಡನ ಮನಿ ಅಕ್ಕಲಕೋಟ ತಾಲೂಕದಾಗ ಒಂದು ಸಣ್ಣ ಊರು. ನಮ್ಮವರು ಅಕ್ಕಲಕೋಟದಾಗ ಸರಕಾರಿ ಕಚೇರ್ಯಾಗ ಕ್ಲಾರ್ಕ. ಮುಂಜಾನಿ ಮೋಟರಸೈಕಲ್ ಮ್ಯಾಲ ಹೋಗ್ತಾರ, ಸಂಜಿಗಿ ಧೂಳ ಹೊತ್ಕೊಂಡು ಬರ್ತಾರ. ಊರಾಗ ಇರೂದು ಒಂದೇ ಸಾಲಿ, ಜಿಲ್ಲಾ ಪರಿಷದದ ಕನ್ನಡ ಸಾಲಿ.

"ಸೊಲ್ಲಾಪುರದಾಗ ಇಂಗ್ಲಿಷ್ ಸಾಲ್ಯಾಗ ಸೀಟು ಹಿಡದಿಟ್ಟೀನಿ," ಅಂದ್ರು ಅಪ್ಪ. "ನಿಮ್ಮಣ್ಣನ ಮಕ್ಕಳೂ ಅಲ್ಲೇ ಹೋಗ್ತಾವ. ವ್ಯಾನ್ ಬಾಗಲಿಗೇ ಬರ್ತದ. ಕೂಸು ನಮ್ಮ ಮನ್ಯಾಗ ಇರ್ಲಿ, ಐತವಾರಕ್ಕೊಮ್ಮಿ ನೀ ಬಂದು ನೋಡ್ಕೊಂಡು ಹೋಗು."

"ನೋಡ್ಕೊಂಡು ಹೋಗಾಕ ಆಕಿ ಏನು ದವಾಖಾನ್ಯಾಗ ಅದಾಳೇನು?" ಅಂತ ನಾ ಫೋನ್ ಕಟ್ ಮಾಡಿದ್ದು ಈ ಮಾತಿಗೇ.

ಖರೇ ಅಂದ್ರ ಅಪ್ಪನ ಮಾತು ನನಗೂ ಅರ್ಧಾ ಸರಿ ಅನಿಸಿತ್ತು, ಅದಕ್ಕೇ ಅಷ್ಟು ಸಿಟ್ಟು. ಊರಾಗಿನ ಸಾಲಿ ಬಗ್ಗಿ ನನಗ ಏನೂ ಗೊತ್ತಿರ್ಲಿಲ್ಲ. ನಮ್ಮವರನ್ನ ಕೇಳಿದ್ರ, "ನಾ ಅಲ್ಲೇ ಕಲ್ತಿಲ್ಲೇನು?" ಅಂತಿದ್ರು. "ಕಲ್ತು ಏನಾದ್ರಿ? ನಿಮ್ಮ ಸಾಹೇಬ ಕರದಾಗ ಎದ್ದು ನಿಲ್ಲೋರಾದ್ರಿ" ಅಂತ ನಾ ಚೇಷ್ಟಿ ಮಾಡ್ತಿದ್ನಿ. ಅವರು ನಗ್ತಿದ್ರು, ಆದ್ರ ಮಗಳನ್ನ ಕಳಸೂದು ಬ್ಯಾಡ ಅಂತ ಬಾಯಿ ಬಿಟ್ಟು ಒಮ್ಮೀನೂ ಹೇಳ್ಲಿಲ್ಲ. ನಿನ್ನ ಮಗಳು, ನೀ ಹೇಳಿದಂಗ ಅಂದ್ರು. ಅಂಥಾ ಒಳ್ಳೇತನ ಬಂದ್ರ ನನಗ ಇನ್ನೂ ಸಿಟ್ಟು.

ಕಡೀಕ ಅಪ್ಪ ಒಂದು ಷರತ್ತು ಹಾಕಿದ್ರು. "ನೀ ವ್ಯಾಪಾರಸ್ಥರ ಮನಿ ಮಗಳು. ನೀನೇ ಹೋಗಿ ಆ ಸಾಲಿ ನೋಡು. ನಿನ್ನ ಕಣ್ಣಿಗಿ ಛಲೋ ಕಂಡ್ರ ನಾ ತುಟಿ ಬಿಚ್ಚೂದಿಲ್ಲ. ಕಾಣ್ಲಿಲ್ಲ ಅಂದ್ರ ಪಾಡ್ಯಾದ ದಿನ ಗಾಡಿ ತೊಗೊಂಡು ಬರ್ತೀನಿ, ಕೂಸಿನ ಅರಿಬಿ ಕಟ್ಟಿಟ್ಟಿರು." ನಮ್ಮ ಕಡೆ ಯುಗಾದಿ ಪಾಡ್ಯಾ ಅಂದ್ರ ಸಾಲಿಗಿ ಹೆಸರು ಹಚ್ಚಾಕ ಛಲೋ ದಿನ. ಹುಣ್ಣಿವಿಯಿಂದ ಪಾಡ್ಯಾಕ ಎಷ್ಟು ದಿನ ಉಳೀತಾವ, ನೀವೇ ಹೇಳ್ರಿ.

ಅವತ್ತು ಒಂದು ಅಂಜಿಕಿ ಹತ್ತಿತು ನನಗ. ಸಾಲಿ ಛಲೋ ಇರ್ಲಿ ಅಂತ ನನ್ನ ಜೀವ ಮೊದಲೇ ಬಡಕೋತಿತ್ತು. ಮನಸ್ಸು ಮೊದಲೇ ಕೊಟ್ಟು ಅಂಗಡಿಗಿ ಬಂದ ಗಿರಾಕಿಗಿ ಹೆಂಗ ಟೊಪಗಿ ಹಾಕ್ತಾರ ಅನ್ನೂದು ನಾ ಸಣ್ಣಾಕಿ ಇದ್ದಾಗಿಂದ ನೋಡೀನಿ. ಅದಕ್ಕ ಗಟ್ಟಿ ಆಗಿ ಹೋಗಬೇಕು ಅಂತ ಮಾಡಿದ್ನಿ.

ಹೇಳದೇ ಕೇಳದೇ ಮುಂಜಾನಿ ಹೋಗಿ ಗೇಟಿನ ಹತ್ರ ನಿಂತ್ನಿ. ಹುಡುಗೂರು ಸಾಲಾಗಿ ನಿಂತು ಪ್ರಾರ್ಥನಾ ಮಾಡಾಕತ್ತಿದ್ರು. ರಾಷ್ಟ್ರಗೀತ ಆತು, ಮರಾಠ್ಯಾಗ ರಾಜ್ಯಗೀತ ಆತು, ಕನ್ನಡದಾಗ ಪ್ರತಿಜ್ಞಾ ಆತು. ಎರಡು ಜಡಿ ಹಾಕಿದ ಒಬ್ಬಾಕಿ ಮುಂದ ಬಂದು ಇಂಗ್ಲಿಷದಾಗ ವಾರ, ತಾರೀಖ ಹೇಳಿದ್ಳು, ಹಿಂದಿಂದ ಯಾರೋ ಕೆಮ್ಮಿದ್ದಕ್ಕ ಕನ್ನಡದಾಗ ಬೈದ್ಳು, ಮತ್ತ ಇಂಗ್ಲಿಷದಾಗ ಮುಂದವರಿಸಿದ್ಳು. ನನಗ ನಗು ತಡೀಲಾರದಾತು.

ಹೆಡ್‌ಮಾಸ್ತರ ಗುರೂಜಿ ನನ್ನ ನೋಡಿ ಆಫೀಸಿಗಿ ಕರದ್ರು, ಮಗಳನ್ನ ಹಾಕೂ ವಿಚಾರ ಅದ ಅಂದಿದ್ದಕ್ಕ ಚಹಾ ತರಿಸಿದ್ರು. ಗ್ವಾಡಿ ಮ್ಯಾಲಿನ ಫೋಟೋ ತೋರಿಸಿದ್ರು. ಖೋಖೋದಾಗ ಗೆದ್ದ ಹುಡುಗ್ಯಾರು, ಶಿಷ್ಯವೃತ್ತಿ ಪರೀಕ್ಷಾದಾಗ ಪಾಸಾದವರು, ಸ್ನೇಹಸಮ್ಮೇಳನದಾಗ ಕುಣದವರು. ಹಿಂದಿನ ಕಾಯಿಪಲ್ಯದ ತ್ವಾಟ ತೋರಿಸಿದ್ರು; ಮೆಂತ್ಯೆ, ಟೊಮ್ಯಾಟೋ, ನುಗ್ಗಿ ಗಿಡ ಇದ್ದು. ಟಿವಿ ತೋರಿಸಿದ್ರು, ಅದಕ್ಕ ಮಾತ್ರ ಅರಿಬಿ ಮುಚ್ಚಿತ್ತು. "ಯಾಕ್ರಿ ಗುರೂಜಿ, ಟಿವಿಗಿ ಥಂಡಿ ಹತ್ತತದೇನು?" ಅಂದ್ನಿ. ಗುರೂಜಿ ತಲಿ ಕೆರಕೊಂಡು, "ಕೆಟ್ಟದ್ರಿ ತಾಯಿ, ರಿಪೇರಿಯವ ಬರ್ತೀನಿ ಬರ್ತೀನಿ ಅಂತಾನ" ಅಂದ್ರು. ಎಲ್ಲಾ ಛಂದ ಇತ್ತು. ಆದ್ರ ತೋರಿಸಿದ್ದಷ್ಟೇ ನೋಡೂದು ನನ್ನ ಸ್ವಭಾವದಾಗ ಇಲ್ಲ.

ನಮ್ಮಪ್ಪ ಮಾಲು ತೊಗೊಳ್ಳುವಾಗ ಗಂಟಿನ ಮ್ಯಾಲಿನ ಚಾದರ ಮುಟ್ಟೂದಿಲ್ಲ. ಮ್ಯಾಲಿಂದು ಯಾರರ ಕೆಟ್ಟದ್ದು ಇಡ್ತಾರೇನು? ನಡುವ ಕೈ ಹಾಕಿ ಒಂದು ಎಳೀತಾರ, ಬಾಗಲಿಗಿ ಒಯ್ದು ಬೆಳಕಿಗಿ ಹಿಡದು ನೋಡ್ತಾರ. ನಾನೂ ಹಂಗೇ ಮಾಡಬೇಕು ಅಂತ, "ಗುರೂಜಿ, ಸಣ್ಣ ಹುಡುಗೂರ ವರ್ಗದಾಗ ಸ್ವಲ್ಪ ಕುಂದ್ರಲೇನ್ರಿ?" ಅಂದ್ನಿ. ಕುಂದರ್ರಿ ಅಂದ್ರು.

ಒಳಗ ಹೋಗಿ ನೋಡ್ತೀನಿ, ಒಂದನೇತ್ತಾ ಎರಡನೇತ್ತಾ ಎರಡೂ ಒಂದೇ ಕೋಲ್ಯಾಗ! ಒಬ್ಬರೇ ಮ್ಯಾಡಮ್. ನನ್ನ ಮಾರಿ ಸಣ್ಣದಾತು. ಮ್ಯಾಡಮ್ ನನಗಿಂತ ಸಣ್ಣಾಕಿ, ಸೀರಿ ಸೆರಗು ನಡಕ್ಕ ಸಿಗಿಸಿಕೊಂಡು ನೆಲದ ಮ್ಯಾಲ ಕುಂತಿದ್ರು, ಸುತ್ತೂಕಡೆ ಹುಡುಗೂರು. ನಾ ನಡುವ ಕುಂತ ಒಬ್ಬಾಕಿನ್ನ ಆರಿಸಿದ್ನಿ. ಎಣ್ಣಿ ಹಚ್ಚಿದ ತಲಿ, ಮುಂದಿನ ಹಲ್ಲು ಬಿದ್ದಿತ್ತು. "ಬಾ ಇಲ್ಲಿ, ನನ್ನ ಮುಂದ ಒಂದು ಪಾಠ ಓದಿ ತೋರಿಸು" ಅಂತ ಎರಡನೇತ್ತಾದ ಕನ್ನಡ ಪುಸ್ತಕ ತೊಗೊಂಡು ಹಾಳಿ ತಿರುವಿ ನನಗ ಬೇಕಾದ ಪಾನ ತಗದು ಕೊಟ್ನಿ.

ಹುಡುಗಿ ಓದೇ ಓದಿದ್ಳು. ಎಲ್ಲೂ ತಡಿಲಿಲ್ಲ. ಆಡಿನ ಮರಿ ದೊಡ್ಡಿಯಿಂದ ತಪ್ಪಿಸಿಕೊಂಡು ಹೋಗಿದ್ದು, ಅದರವ್ವ ಹುಡುಕಿದ್ದು, ನೀರಿನ ಟಾಕಿ ಹತ್ರ ಸಿಕ್ಕಿದ್ದು. ರಾಗ ಹಚ್ಚಿ, ಕೈ ಮಾಡಿ, ಆಡಿನ ದನಿ ತಗದು ಓದಿದ್ಳು. ನನ್ನ ಹೊಟ್ಟಿ ತಣ್ಣಗಾತು. ನಡುವಿಂದ ಎಳದ ಹುಡುಗಿ ಹಿಂಗ ಓದಿದ್ರ ಮತ್ತೇನು ಬೇಕು? ಮಗಳು ಮನ್ಯಾಗೇ ಉಳದ್ಳು ಅಂತ ಅಲ್ಲೇ ಕುಂತು ಖುಷಿಯಾಗಿ ಬಿಟ್ನಿ.

ನನಗ ಕನ್ನಡ ಓದಾಕ ಬರ್ತಿರ್ಲಿಲ್ಲ, ಅದನ್ನ ಹೇಳೂದು ಬಿಟ್ನಿ ನೋಡ್ರಿ. ಸೊಲ್ಲಾಪುರದಾಗ ನಾ ಕಲ್ತದ್ದು ಎಲ್ಲಾ ಮರಾಠ್ಯಾಗ. ಅಂಗಡ್ಯಾಗ ಮರಾಠಿ, ಬ್ಯಾಂಕಿನ್ಯಾಗ ಮರಾಠಿ, ಮನ್ಯಾಗ ಕನ್ನಡ, ಜಗಳ ಬಂದ್ರಂತೂ ಪೂರಾ ಕನ್ನಡ. ಬಾಯಾಗ ಹುಟ್ಟಿದಾಗಿಂದ ಅದ, ಅಕ್ಷರ ಮಾತ್ರ ಯಾರೂ ಕಲಿಸಿರ್ಲಿಲ್ಲ. ನಮ್ಮ ಓಣ್ಯಾಗ ನನ್ನಂಥೋರೇ ಭಾಳ. ಪುಸ್ತಕದಾಗಿನ ಆ ಪಾನದ ಮ್ಯಾಲ ಬಸ್ ಸ್ಟ್ಯಾಂಡಿನ ಚಿತ್ರ ಇತ್ತು. ಆಡಿನ ಮರಿ ಬಸ್ ಹತ್ತಿರಬೇಕು ಅಂತ ನಾ ಅಂದ್ಕೊಂಡ್ನಿ. ನಮ್ಮ ಕಡೆ ಬಸ್ಸಿನ್ಯಾಗ ಆಡು ಹತ್ತೂದಿಲ್ಲೇನು ಮತ್ತ?

"ಶಾಬ್ಬಾಸ್!" ಅಂದ್ನಿ. ಹುಡುಗೂರು ಬಾಯಿಗಿ ಕೈ ಹಚ್ಕೊಂಡು ಕಿಸಕ್ಕ ಕಿಸಕ್ಕ ನಗಾಕತ್ತಿದ್ರು. ಒಬ್ಬಾಕಿ ಧೈರ್ಯ ಮಾಡಿ ಎದ್ದು ನಿಂತು, "ಅಕ್ಕಾರ, ಆ ಪಾನದಾಗ ಆಡು ಇಲ್ರೀ. ಆಕಿಗಿ ಓದಾಕ ಬರೂದಿಲ್ರೀ, ಬಾಯಿಪಾಠ ಹೇಳಾಕತ್ತಾಳ್ರೀ" ಅಂದ್ಳು.

ಭೂಮಿ ಬಾಯಿ ಬಿಡಬಾರದೇನು ಅನಸ್ತು. ಪರೀಕ್ಷಾ ಮಾಡಾಕ ಬಂದಾಕಿ ನಾನೇ ನಪಾಸ. ಅದರ ಮ್ಯಾಲ, ಈಗ ಮನ್ಯಾಗೇ ಉಳದ್ಳು ಅಂದ್ಕೊಂಡ ಮಗಳು ಒಮ್ಮಿಂದೊಮ್ಮಿ ಸೊಲ್ಲಾಪುರದ ಗಾಡಿ ಹತ್ತಿ ಹ್ವಾದಂಗ ಆತು. ನಾ ಸಿಟ್ಟಿಲೆ ಎದ್ನಿ. "ಏನ್ ಮ್ಯಾಡಮ್, ಎರಡನೇತ್ತಾದ ಹುಡುಗಿಗಿ ಓದಾಕ ಬರೂದಿಲ್ಲಾಂದ್ರ ಎರಡು ವರ್ಷ ಏನು ಮಾಡಿದ್ರಿ?"

ಮ್ಯಾಡಮ್ ಏಳ್ಲೂ ಇಲ್ಲ, ಸಿಟ್ಟಿಗೂ ಬರ್ಲಿಲ್ಲ. ಆ ಹುಡುಗಿನ್ನ ಹತ್ರ ಕರ್ಕೊಂಡು ತಮ್ಮ ತೊಡಿ ಬಾಜೂಕ ಕುಂದರಿಸಿದ್ರು. "ಈಕಿ ಅವ್ವ ಅಪ್ಪ ಕಬ್ಬ ಕಡ್ಯಾಕ ಹೋಗ್ತಾರ್ರಿ. ದೀಪಾವಳಿ ಆದ ಮ್ಯಾಲ ಅವರ ಕೂಡ ಹೋದಾಕಿ, ಹೋಳಿಗಿ ಒಂದು ವಾರ ಮೊದಲ ತಿರುಗಿ ಬಂದಾಳ. ಬಾಕಿ ಹುಡುಗೂರು ಓದೂದು ಕೇಳಿ ಕೇಳಿ ಪೂರಾ ಪಾಠ ಹಿಡಕೊಂಡಾಳ್ರಿ. ಕಿವೀಲೆ ಕಲ್ತಾಳ. ಕಣ್ಣೀಲೆ ಕಲಿಸೂದು ನನ್ನ ಕೆಲಸ, ಅದು ಇನ್ನೂ ಆಗಬೇಕು."

ಆಮ್ಯಾಲ ನಾ ಕೇಳದೇ ಅವರೇ ತೋರಿಸಿದ್ರು. ಗ್ವಾಡಿ ಕಡೆ ಕುಂತ ಹುಡುಗೂರು ಸರಾಗ ಓದ್ತಾರ. ಕಿಡಕಿ ಕಡೆಯವರು ಅಕ್ಷರ ಕೂಡಿಸಿ ಓದ್ತಾರ. ತಮ್ಮ ಹತ್ರ ಕುಂತವರಿಗಿ ಇನ್ನೂ ಅಕ್ಷರದ ಗುರ್ತು ಆಗಬೇಕು. ವರ್ಗ ಒಂದನೇದೋ ಎರಡನೇದೋ, ಅದರ ಮ್ಯಾಲ ಕುಂದರಿಸೂದಿಲ್ಲ. ಎಷ್ಟು ಬರ್ತದ ಅನ್ನೂದರ ಮ್ಯಾಲ ಕುಂದರಿಸ್ತಾರ. ಓದಾಕ ಬರೋರು ಬರದವರಿಗಿ ಹೇಳಿಕೊಡ್ತಾರ. ಕೂಡಿಸೂ ಕಳಿಯೂ ಲೆಕ್ಕಕ್ಕ ಬ್ಯಾರೇ ಗುಂಪು, ಅದರಾಗ ಕಬ್ಬಿನ ಹುಡುಗಿ ಗ್ವಾಡಿ ಕಡೆಯಾಕಿ. "ನಿಮಗ ಸರಾಗ ಓದೋರನ್ನಷ್ಟೇ ತೋರಿಸಬಹುದಿತ್ರಿ ಅಕ್ಕಾರ," ಅಂದ್ರು ಮ್ಯಾಡಮ್, "ಆದ್ರ ನಾಳಿ ನಿಮ್ಮ ಮಗಳು ಬಂದು ಕುಂದ್ರೂದು ಮೊದಲ ನನ್ನ ಹತ್ರಾನೇ."

ಹರದ ಜಾಗಾ ತಾನೇ ಬಿಚ್ಚಿ ತೋರಿಸೂ ವ್ಯಾಪಾರಸ್ಥನ್ನ ನಾ ಜನ್ಮದಾಗ ನೋಡಿರ್ಲಿಲ್ಲ. ನಮ್ಮಪ್ಪನೂ ತೋರಿಸಾಂವಲ್ಲ, ಸುಳ್ಳ್ಯಾಕ ಹೇಳ್ಲಿ.

ಮಧ್ಯಾಹ್ನ ಹೊರಗ ಬರ್ತೀನಿ, ಅಡಗಿ ಮಾಡೂ ಬಾಯಿ ತಾಟಿನ್ಯಾಗ ಖಿಚಡಿ ಹಿಡಕೊಂಡು ನಿಂತಾಳ. ಹುಡುಗೂರಿಗಿ ಬಡಸೂ ಮೊದಲ ಪಾಲಕರ ಪೈಕಿ ಒಬ್ಬರು ರುಚಿ ನೋಡಬೇಕು, ಅದು ಆ ಸಾಲಿ ಪದ್ಧತಿ. ಅವತ್ತು ಸಿಕ್ಕಾಕಿ ನಾ. ತಿಂದು, "ಉಪ್ಪು ಕಮ್ಮಿ" ಅಂದ್ನಿ. ಅಲ್ಲ್ಯಾದ್ರೂ ಒಂದು ತಪ್ಪು ತಗದು ಹೆಸರಿಡಬೇಕಿತ್ತು ನನಗ. ಆಕಿ, "ಸಣ್ಣ ಹುಡುಗೂರಿಗಿ ಅಷ್ಟೇ ಸಾಕ್ರಿ ಅಕ್ಕಾ, ನಿಮಗ ಶೇಂಗಾ ಚಟ್ನಿ ಹಾಕ್ತೀನಿ" ಅಂತ ತನ್ನ ಬುತ್ತ್ಯಾಗಿಂದು ಹಾಕಿದ್ಳು. ಇನ್ನೊಮ್ಮಿ ಹಾಕಿಸ್ಕೊಂಡು ಉಂಡ್ನಿ. ಅಷ್ಟು ಬೈದು ಅಷ್ಟು ಉಂಡಾಕಿ ಆ ಸಾಲ್ಯಾಗ ನಾ ಒಬ್ಬಾಕೇ ಇರಬೇಕು.

ಸಂಜಿಗಿ ನಮ್ಮವರು ಬೂಟು ಬಿಚ್ಚೂ ಮೊದಲೇ ಕೇಳಿದ್ರು, "ಹೆಂಗದ?"

"ಇನ್ನೂ ನೋಡೂದದ."

"ಒಂದು ಸಾಲಿ ಎಷ್ಟು ದಿನ ನೋಡ್ತಿ?"

"ಒಂದು ಸೀರಿ ತೊಗೊಳ್ಳಾಕ ಎಷ್ಟು ಅಂಗಡಿ ಏರಿ ಇಳೀತೀನಿ ಗೊತ್ತಿಲ್ಲೇನ್ರಿ ನಿಮಗ? ಇದು ಮಗಳು." ಅವರು ಬೂಟು ಬಿಚ್ಚಾಕ ಕುಂತ್ರು. ಮಗಳು ಅಲ್ಲೇ ಬಾಗಲ್ದಾಗ ಕುಂತು ಅಜ್ಜಿ ಕೂಡ ಅವರಿಕಾಯಿ ಸುಲ್ಯಾಕತ್ತಿದ್ಳು.

ನನಗ ಒಂದು ಗೊತ್ತಾಗಬೇಕಿತ್ತು. ಮ್ಯಾಡಮ್ ಹೇಳಿದ್ದು ಬರೇ ಮಾತೋ, ಖರೇನೇ ಕಲಿಸ್ತಾರೋ? ಅದನ್ನ ತಿಳಕೊಳ್ಳಾಕ ನನಗ ಮೊದಲ ಅಕ್ಷರ ಬರಬೇಕು. ಮರುದಿನ ಹೋಗಿ ನಾಚಿಕಿ ಬಿಟ್ಟು ಹೇಳಿದ್ನಿ, "ಮ್ಯಾಡಮ್, ನನ್ನನ್ನೂ ನಿಮ್ಮ ಹತ್ರ ಕುಂದರಿಸ್ಕೊಳ್ರಿ." ಅವರು ನಗ್ಲಿಲ್ಲ. ಅಕ್ಷರದ ಕಾರ್ಡು ನನ್ನ ಕೈಗೂ ಕೊಟ್ರು, ಕಬ್ಬಿನ ಹುಡುಗಿ ಬಾಜೂಕ ಕುಂದರಿಸಿದ್ರು. ದಿನಾ ಮನಿ ಕೆಲಸ ಮುಗಿಸಿ ಒಂದು ತಾಸು ಹೋಗ್ತಿದ್ನಿ. ನಮ್ಮ ಅತ್ತಿಯವರಂತೂ ಓಣಿ ತುಂಬ ಹೇಳಿದ್ದೇ ಹೇಳಿದ್ದು, "ನಮ್ಮ ಮನ್ಯಾಗ ಮೊಮ್ಮಗಳಿಗಿಂತ ಮೊದಲ ಸೊಸಿ ಹೆಸರು ಹಚ್ಚ್ಯಾರ್ರೆವ್ವಾ!"

ಮರಾಠಿ ಅಕ್ಷರ ಬರ್ತಿತ್ತಲ್ಲ, ನನಗ ಲಗೂ ಹತ್ತತದ ಅಂತ ಮಾಡಿದ್ನಿ. ಎಲ್ಲೀದು! ಹುಡುಗಿ ನನಗಿಂತ ಮುಂದ. ನಾ ತಪ್ಪಿದ್ರ "ಹಂಗಲ್ರೀ" ಅಂತ ನನ್ನ ಬಟ್ಟು ಹಿಡದು ಅಕ್ಷರದ ಮ್ಯಾಲ ತಿರುವಿಸ್ತಿದ್ಳು. ಆಕಿ ತಪ್ಪಿದ್ರ ನಾ ಬಿಡ್ತಿದ್ದಿಲ್ಲ, ಅಷ್ಟು ಪೈಪೋಟಿ ನಮ್ಮಿಬ್ಬರದು. ಇವತ್ತು ನಾ ಇದನ್ನೆಲ್ಲಾ ಕನ್ನಡದಾಗ ಬರ್ಯಾಕತ್ತೀನಿ ಅಂದ್ರ ಅಲ್ಲಿ ಸುರು ಆದದ್ದು. ಒತ್ತಕ್ಷರ ಈಗೂ ನನ್ನ ಜೀವ ತಿಂತಾವ, ಆ ಮಾತು ಬ್ಯಾರೇ.

ನಡುವ ಒಂದು ದಿನ ಹೊಸಾ ಹುಡುಗೂರನ್ನ ಕರದು ಸಾಲಿ ಅಂಗಳದಾಗ ಮೇಳಾವಾ ಮಾಡಿದ್ರು. ಮಗಳನ್ನ ಕರ್ಕೊಂಡು ಹೋದ್ನಿ. ಸುಣ್ಣದ ಗೆರಿ ಮ್ಯಾಲ ನಡಿಸಿದ್ರು, ಜ್ವಾಳ ಕಡ್ಲಿ ಕಲಸಿ ಕೊಟ್ಟು ಬ್ಯಾರೇ ಬ್ಯಾರೇ ಮಾಡಂದ್ರು, ಸಂತಿ ಚಿತ್ರ ತೋರಿಸಿ ಏನೇನು ಕಾಣತದ ಹೇಳಂದ್ರು. ಮನ್ಯಾಗ ಚಿಟಿಚಿಟಿ ಮಾತಾಡೂ ಮಗಳು ಅಲ್ಲಿ ಮೂಕಿ ಹಂಗ ನಿಂತ್ಳು. ನಾ ಕಣ್ಣು ತಗದು ಹೆದರಿಸಾಕ ಹೋದ್ರ ಮ್ಯಾಡಮ್ ನನ್ನನ್ನೇ ಹೆದರಿಸಿದ್ರು, "ಅಕ್ಕಾರ, ನೀವು ಆ ಕಡೆ ತಿರುಗ್ರಿ." ತಿರುಗಿ ನಿಂತ್ನಿ. ಹಿಂದಿಂದ ಮಗಳ ದನಿ ಕೇಳಿಸ್ತು, ಸಂತ್ಯಾಗ ಬಳಿಯವ ಅದಾನ, ಮೆಣಸಿನಕಾಯಿಯಾಕಿ ಅದಾಳ, ನಮ್ಮಜ್ಜಿ ಚೌಕಾಶಿ ಮಾಡಾಕತ್ತಾಳ ಅಂತ. ಎಲ್ಲರೂ ನಕ್ರು. ನನಗ ತಿರುಗಿ ನೋಡೂ ಆಸೆ, ಮ್ಯಾಡಮ್ಮಂದು ಅಂಜಿಕಿ.

ಪಾಡ್ಯಾ ನಾಳಿಗಿ ಅನ್ನುವಾಗ ಸಾಲಿಗಿ ಹೋದ್ನಿ. ಪುಸ್ತಕ ತೊಗೊಂಡ್ನಿ, ಹುಡುಗಿ ಕಂಡಿರದ ಒಂದು ಪಾನ ತಗದು ಮುಂದಿಟ್ನಿ. ಈ ಸಲ ಮೊದಲ ನಾ ಮನಸ್ಸಿನ್ಯಾಗ ಓದಿ ನೋಡಿದ್ನಿ, ಬಾಂವಿ, ಹಗ್ಗ, ಕೊಡ ಅಂತ ಏನೋ ಇತ್ತು. ಹುಡುಗಿ ಬಟ್ಟು ಇಟ್ಳು. ರಾಗ ಇಲ್ಲ, ಕೈ ಮಾಡೂದಿಲ್ಲ. ಬಾ... ವಿ... ಬಾವಿ. ನಿಂತ್ಳು. ಉಗುಳು ನುಂಗಿದ್ಳು. ಹಗ್ಗಕ್ಕ ಬಂದು ಒತ್ತಕ್ಷರದಾಗ ಸಿಗಬಿದ್ಳು, ಹಗ ಅಂದ್ಳು, ತಿರುಗಿ ನೋಡಿ ತಾನೇ ಹಗ್ಗ ಅಂದ್ಳು. ಒಂದು ಸಾಲು ಓದೂದರಾಗ ಹಣಿ ಮ್ಯಾಲ ಬೆವರು ಬಂತು ಆಕಿಗಿ. ಮೊದಲನೇ ದಿನ ಸರಾಗ ಓದಿದ್ದು ಸುಳ್ಳು ಇತ್ತು, ಇದು ತಡವರಿಸಿದ್ದು ಖರೇ. ಎಷ್ಟೂ ದಿನ ಆಗಿಲ್ಲ, ಹುಡುಗಿ ಕಿವಿಯಿಂದ ಕಣ್ಣಿಗಿ ಬಂದಾಳ. ಮ್ಯಾಡಮ್ ಅತ್ಲಾಕಡೆ ಯಾರದೋ ಮೂಗು ಒರಸಾಕತ್ತಿದ್ರು, ಇತ್ತ ನೋಡ್ಲೂ ಇಲ್ಲ. ನಾ ಹುಡುಗಿನ್ನ ಎತ್ಕೊಂಡು ಒಂದು ಸುತ್ತು ತಿರುಗಿಸಿ ಬಿಟ್ನಿ.

ಮನಿಗಿ ಬಂದು ಅಪ್ಪಗ ನಾನೇ ಫೋನ್ ಹಚ್ಚಿದ್ನಿ. "ಸೀಟು ಬಿಡ್ರಿ ಅಪ್ಪಾ. ಮಗಳು ಇಲ್ಲೇ ಸಾಲಿಗಿ ಹೋಗ್ತಾಳ."

"ಹಟಕ್ಕ ಹೇಳಾಕತ್ತಿಯೋ, ನೋಡಿ ಹೇಳಾಕತ್ತಿಯೋ?"

"ನೋಡಿ. ಎರಡು ವರ್ಗ ಒಂದೇ ಕೋಲ್ಯಾಗ ಅವ. ಟಿವಿ ಕೆಟ್ಟದ. ನಳ ಒಂದು ಸೋರತದ. ಇಂಗ್ಲಿಷು ನಿಮ್ಮ ಸಾಲಿ ಹಂಗ ಠಸ್ ಠಸ್ ಬರೂದಿಲ್ಲ. ಆದ್ರ ಬರದೇ ಇರೋರನ್ನ ಅಲ್ಲಿ ತೊಡಿ ಬಾಜೂಕ ಕುಂದರಿಸ್ಕೊಂಡು ಕಲಿಸ್ತಾರ್ರಿ ಅಪ್ಪಾ. ನನಗೂ ಕಲಿಸ್ಯಾರ."

"ಇಷ್ಟೆಲ್ಲಾ ಹೆಸರಿಟ್ಟಿ ಅಂದ್ರ ಖರೇನೇ ನೋಡಿ ಬಂದಿ," ಅಂದ್ರು ಅಪ್ಪ. "ನಿಮ್ಮವ್ವ ಕೂಸಿಗಂತ ಮಂಚ ಹಾಕಿಸ್ಯಾಳ, ಆಕಿಗಿ ನೀನೇ ಹೇಳು. ನನ್ನ ಕೈಲೆ ಆಗೂದಿಲ್ಲ." ಅವ್ವ ಫೋನಿನ್ಯಾಗ ಅತ್ಳು, ಬೈದ್ಳು, ರಜಾಕ್ಕಾದ್ರೂ ಕಳಸ್ತೀಯೋ ಇಲ್ಲೋ ಅಂದ್ಳು. ಪೂರಾ ರಜಾ ನಿನ್ನ ಹತ್ರಾನೇ ಇರ್ತಾಳ ಅಂದ ಮ್ಯಾಲ ಸಮಾಧಾನ ಆತು.

ಮಗಳಿಗಿ ಹೇಳಬೇಕಲ್ಲ. ಆಕಿಗಿ ಈ ಮಾತು ನಾವ್ಯಾರೂ ಒಮ್ಮೀನೂ ಹೇಳಿರ್ಲಿಲ್ಲ, ಆಕಿಗಿ ಏನೂ ಗೊತ್ತಿಲ್ಲ ಅಂತಾನೇ ತಿಳಕೊಂಡಿದ್ವಿ. ಆಕಿ ಹಿಂದಿನ ಕೋಲ್ಯಾಗ ನೆಲದ ಮ್ಯಾಲ ದಿಂಬು ಹಿಡಕೊಂಡು ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ಳು. ಸಂಜಿ ಹೊತ್ತಿನ್ಯಾಗ ಮಲಗಿದ್ದು ನೋಡಿ ಜ್ವರ ಬಂದಾವೇನೋ ಅಂತ ಹಣಿ ಮುಟ್ಟಿದ್ನಿ. ತಣ್ಣಗಿತ್ತು.

"ಏಳವ್ವಾ, ಸುದ್ದಿ ಹೇಳ್ತೀನಿ. ಮಳಿಗಾಲಕ್ಕ ನೀ ಇಲ್ಲೇ ಆ ಮ್ಯಾಡಮ್ಮರ ಸಾಲಿಗಿ ಹೋಗ್ತಿ."

ಗಕ್ಕನ ತಿರುಗಿದ್ಳು. "ಅಜ್ಜಾರ ಮನಿಗಿ ಹೋಗೂದಿಲ್ಲ?"

"ಇಲ್ಲ."

"ನಾಳಿ ಗಾಡಿ ಬರೂದಿಲ್ಲ?"

"ಇಲ್ಲ. ನಿನಗ ಯಾರು ಹೇಳಿದ್ರು?"

ಎದ್ದು ಕುಂತು ನನ್ನ ಮಾರಿ ನೋಡಿ ಕೇಳಿದ್ಳು, "ಹಂಗಾರ ಮಮ್ಮಿ, ನಾ ಒಬ್ಬಾಕೇ ಮಲಗೂದು ಕಲಿಯೂದು ಬ್ಯಾಡ?"

ನಾ ಅಲ್ಲೇ ಆಕಿ ಬಾಜೂಕ ನೆಲದ ಮ್ಯಾಲ ಕುಂತ್ನಿ.

"ದಿನಾ ಸಂಜಿಗಿ ಇಲ್ಲಿ ಬಂ‌ದು ಮಲಗಿ ಕಲಿಯಾಕತ್ತಿದ್ನಿ," ಅಂದ್ಳು. "ಭಾಳ ಕಠಿಣ ಅದ ಮಮ್ಮಿ. ನನಗ ಇನ್ನೂ ಬಂದಿಲ್ಲ."

"ಬರೂದೇ ಬ್ಯಾಡ ಬಿಡು" ಅಂತ ಆಕಿನ್ನ ಎಳ್ಕೊಂಡು ಎದಿಗಿ ಹಚ್ಕೊಂಡ್ನಿ.